ತಾಮ್ರದಲ್ಲಿ ಮುಖ ಮೂಡಿಸಿದ ಸ್ಟ್ರೇಂಜ್

ಸೈನ್ಯ ಕಟ್ಟಿದ ಮೇಲೆ ಸಂಬಳ ಕೊಡಬೇಕು. ಖಜಾನೆ ಬರಿದಾಗಿದ್ದರೆ ನೋಟು ಅಚ್ಚು ಹಾಕಿಸಬೇಕು. ಬ್ರಿಟನ್ನಿನ ಸಿಂಹಾಸನ ತನ್ನ ವಂಶದ್ದೆಂದು ಬಂಡೆದ್ದಿದ್ದ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ 1746ರಲ್ಲಿ ಈ ಕೆಲಸ ವಹಿಸಿದ್ದು ರಾಬರ್ಟ್ ಸ್ಟ್ರೇಂಜ್ ಎಂಬ ತರುಣನಿಗೆ. ರಾಜಕುಮಾರನ ಭಾವಚಿತ್ರವನ್ನು ಅದಾಗಲೇ ಕೆತ್ತಿದ್ದವನು ಅವನು. ಆದರೆ ನೋಟು ಕೈಸೇರುವ ಮೊದಲೇ ಕಲೋಡನ್ ಕದನದಲ್ಲಿ ಬಂಡಾಯ ನೆಲಕಚ್ಚಿತು. ಸ್ಟ್ರೇಂಜ್ ಕೊರೆದ ತಾಮ್ರದ ಫಲಕ ಈಗ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಪಟ್ಟಣದ ವೆಸ್ಟ್ ಹೈಲ್ಯಾಂಡ್ ಮ್ಯೂಸಿಯಂನಲ್ಲಿದೆ.

1721ರಲ್ಲಿ ಆರ್ಕ್ನಿ ದ್ವೀಪಗಳಲ್ಲಿ ಹುಟ್ಟಿದ ಸ್ಟ್ರೇಂಜ್ ಕಸುಬು ಕಲಿತದ್ದು ಎಡಿನ್‌ಬರೋದ ರಿಚರ್ಡ್ ಕೂಪರ್ ಬಳಿ. ಅವನನ್ನು ಬಂಡಾಯಕ್ಕೆಳೆದವಳು ಪ್ರೇಯಸಿ ಇಸಬೆಲಾ ಲುಮಿಸ್ಡೆನ್. ಸೋಲಿನ ನಂತರ ಸೈನಿಕರು ಹುಡುಕಿ ಬಂದಾಗ ಆಕೆ ತನ್ನ ಅಗಲವಾದ ಲಂಗದಡಿ ಅವನನ್ನು ಬಚ್ಚಿಟ್ಟು, ಏನೂ ಆಗದವಳಂತೆ ಹಾಡುತ್ತ ಕೂತಳೆಂಬ ಕತೆಯಿದೆ. ಮುಂದೆ ಇಬ್ಬರೂ ಮದುವೆಯಾದರು.

ಪ್ಯಾರಿಸ್‌ನಲ್ಲಿ ಲ ಬಾ ಎಂಬ ಗುರುವಿನ ಕೈಕೆಳಗೆ ಅವನ ಕೈ ಪಳಗಿತು. ರೇಖಾಕೆತ್ತನೆಯಲ್ಲಿ ಚೂಪು ಮೊನೆಯ ಉಕ್ಕಿನ ಉಳಿಯನ್ನು ಅಂಗೈಯಿಂದ ಒತ್ತಿ ಮುಂದಕ್ಕೆ ತಳ್ಳುತ್ತಾರೆ. ಗೆರೆ ಬಾಗಬೇಕಾದಲ್ಲಿ ತಿರುಗುವುದು ಉಳಿಯಲ್ಲ, ಫಲಕ. ಕೊರೆದ ಗೆರೆಯಲ್ಲಿ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವಿಟ್ಟು ಒತ್ತಿದರೆ ಚಿತ್ರ ಎಡಬಲ ಅದಲುಬದಲಾಗಿ ಮೂಡುತ್ತದೆ. ಬಣ್ಣವಂತೂ ಇಲ್ಲವೇ ಇಲ್ಲ. ಕೆನ್ನೆಯ ನುಣುಪು, ರೇಷ್ಮೆಯ ಹೊಳಪು ಎಲ್ಲವೂ ಗೆರೆಗಳ ದಪ್ಪ, ಅಂತರಗಳಲ್ಲೇ ಹುಟ್ಟಬೇಕು. ವಾನ್ ಡೈಕ್ ಚಿತ್ರಿಸಿದ ಒಂದನೇ ಚಾರ್ಲ್ಸ್ ದೊರೆಯ ಭಾವಚಿತ್ರಗಳನ್ನು ಕೆತ್ತಿದಾಗ ಸ್ಟ್ರೇಂಜ್ ಸಾಧಿಸಿದ್ದು ಇದನ್ನೇ. ಇಂಥ ಕೆಲಸವನ್ನು ಬರೀ ನಕಲೆನ್ನುವುದು ಅನ್ಯಾಯ.

ಲಂಡನ್ನಿನ ರಾಯಲ್ ಅಕಾಡೆಮಿ ಮಾಡಿದ್ದು ಆ ಅನ್ಯಾಯವನ್ನೇ. 1768ರಲ್ಲಿ ಆರಂಭವಾದ ಅದು ಕೆತ್ತನೆಗಾರರಿಗೆ ಪೂರ್ಣ ಸದಸ್ಯತ್ವ ಕೊಡಲಿಲ್ಲ. ಸ್ಟ್ರೇಂಜ್‌ನ ಪ್ರತಿಸ್ಪರ್ಧಿ ಕೆತ್ತನೆಗಾರ ಬಾರ್ಟೊಲೊಜ್ಜಿಗೆ ಮಾತ್ರ ವರ್ಣಚಿತ್ರಕಾರನ ಹೆಸರಿನಲ್ಲಿ ಬಾಗಿಲು ತೆರೆಯಿತು. ಹಿಂದೊಮ್ಮೆ ಮೂರನೇ ಜಾರ್ಜ್ ಇನ್ನೂ ಯುವರಾಜನಾಗಿದ್ದಾಗ ಅವನ ಭಾವಚಿತ್ರ ಕೆತ್ತಲು ಒಪ್ಪದೆ ಇಟಲಿಗೆ ಹೊರಟಿದ್ದ ಸ್ಟ್ರೇಂಜ್, ಈ ನಿಯಮ ತನ್ನನ್ನು ಹೊರಗಿಡಲೆಂದೇ ಆದದ್ದೆಂದು ನಂಬಿದ್ದ. 1775ರಲ್ಲಿ ಅಕಾಡೆಮಿಯ ಹುಟ್ಟನ್ನೇ ಪ್ರಶ್ನಿಸುವ ಪುಸ್ತಕವನ್ನೂ ಪ್ರಕಟಿಸಿದ.

ಅದೇ ಜಾರ್ಜ್ ದೊರೆ 1787ರಲ್ಲಿ ಅವನಿಗೆ ನೈಟ್ ಪದವಿ ಕೊಟ್ಟ. ಎಳವೆಯಲ್ಲೇ ತೀರಿಕೊಂಡ ದೊರೆಯ ಇಬ್ಬರು ಮಕ್ಕಳನ್ನು ಬೆಂಜಮಿನ್ ವೆಸ್ಟ್ ಚಿತ್ರಿಸಿದ್ದ. ಅದನ್ನು ಸ್ಟ್ರೇಂಜ್ ತಾಮ್ರಕ್ಕಿಳಿಸಿದ್ದೇ ಈ ಗೌರವಕ್ಕೆ ಕಾರಣ. ಪದವಿ ಸಿಕ್ಕ ಐದು ವರ್ಷಗಳ ನಂತರ ಅವನು ತೀರಿಕೊಂಡ. ಅಕಾಡೆಮಿಯ ಪೂರ್ಣ ಸದಸ್ಯತ್ವಕ್ಕೆ ಕೆತ್ತನೆಗಾರರು 19ನೇ ಶತಮಾನದ ನಡುಭಾಗದವರೆಗೂ ಕಾಯಬೇಕಾಯಿತು.