ಮೂಳೆ ಕೂಡದಿರುವಿಕೆ

ಮೂಳೆ ಕೂಡದಿರುವಿಕೆ ಅಥವಾ ನಾನ್‌ಯೂನಿಯನ್ ಎಂದರೆ ಮುರಿದ ಮೂಳೆಯು ನಿರೀಕ್ಷಿತ ಅವಧಿಯಲ್ಲಿ ಬೆಸೆಯದೆ, ಮುಂದಿನ ಚಿಕಿತ್ಸೆಯಿಲ್ಲದೆ ಬೆಸೆಯುವ ಸಂಭವವೂ ಇಲ್ಲದಿರುವ ಸ್ಥಿತಿ. ಪೆಟ್ಟಾಗಿ 9 ತಿಂಗಳು ಕಳೆದಿದ್ದು, ಕೊನೆಯ 3 ತಿಂಗಳ ಕ್ಷ-ಕಿರಣ ಚಿತ್ರಗಳಲ್ಲಿ ಪ್ರಗತಿ ಕಾಣದಿದ್ದರೆ ಸಾಮಾನ್ಯವಾಗಿ ಹೀಗೆ ನಿರ್ಣಯಿಸಲಾಗುತ್ತದೆ. ತೊಡೆ, ಕಾಲು ಹಾಗೂ ತೋಳಿನ ಉದ್ದ ಮೂಳೆಗಳಲ್ಲಿ ಇದು ಮುಖ್ಯ ಸಮಸ್ಯೆಯಾಗಿದೆ. ಚರ್ಮದ ಕೆಳಗೇ ಇರುವ, ಮಾಂಸಖಂಡದ ಹೊದಿಕೆ ಕಡಿಮೆಯಿರುವ ಮೊಣಕಾಲ ಕೆಳಗಿನ ಮೂಳೆಯಲ್ಲಿ ಇದರ ಸಾಧ್ಯತೆ ಹೆಚ್ಚು.

ಕಾರಣಗಳು

ಮೂಳೆ ಕೂಡಲು ಸ್ಥಿರತೆ ಮತ್ತು ರಕ್ತಸಂಚಾರ ಎರಡೂ ಬೇಕು. ತುಂಡುಗಳ ಅಲುಗಾಟ, ಅವುಗಳ ನಡುವಿನ ಅಂತರ, ತೆರೆದ ಗಾಯ, ಸೋಂಕು, ಧೂಮಪಾನ ಮತ್ತು ಮಧುಮೇಹ ಇದಕ್ಕೆ ಅಡ್ಡಿಯಾಗುತ್ತವೆ. ಮಲೆನಾಡಿನಲ್ಲಿ ಅಡಿಕೆ ಮರದಿಂದ ಬಿದ್ದವರು, ರಸ್ತೆ ಅಪಘಾತಕ್ಕೊಳಗಾದವರು ಬಿಗಿಯಾದ ನಾಟಿ ಕಟ್ಟನ್ನೇ ನೆಚ್ಚಿ ತಡಮಾಡುವುದುಂಟು. ಅತಿ ಬಿಗಿಯಾದ ಕಟ್ಟು ರಕ್ತಸಂಚಾರವನ್ನೇ ತಡೆದು ಅಂಗಕ್ಕೆ ಅಪಾಯ ತರಬಹುದು.

ಶಸ್ತ್ರಚಿಕಿತ್ಸೆ

ಚಿಕಿತ್ಸೆಯು ಕಾರಣವನ್ನು ಅವಲಂಬಿಸಿದೆ. ಹೊಸ ಮೂಳೆ ಹೇರಳವಾಗಿ ಬೆಳೆದೂ ಬೆಸೆಯದಿದ್ದರೆ ಕೊರತೆಯಿರುವುದು ಸ್ಥಿರತೆಯದು. ಆಗ ಲೋಹದ ಪಟ್ಟಿ ಅಥವಾ ಮಜ್ಜೆಯ ಕುಹರದೊಳಗೆ ಹಿಂದಿಗಿಂತ ದಪ್ಪನೆಯ ಸರಳನ್ನು ಅಳವಡಿಸುತ್ತಾರೆ. ಬೆಳವಣಿಗೆಯೇ ಇಲ್ಲದಿದ್ದರೆ ನಿರ್ಜೀವ ಅಂಚುಗಳನ್ನು ಕೆತ್ತಿ ತೆಗೆದು, ರೋಗಿಯ ಸೊಂಟದ ಮೂಳೆಯಿಂದ ಪಡೆದ ಮೂಳೆಯನ್ನು ಕಸಿ ಮಾಡುತ್ತಾರೆ. ಸೋಂಕಿದ್ದಲ್ಲಿ ಮೊದಲು ಅದನ್ನು ನಿವಾರಿಸಬೇಕು.

ಮೂಳೆಯ ಭಾಗವೇ ನಷ್ಟವಾಗಿದ್ದರೆ ಇಲಿಜರೋವ್ ವಿಧಾನ ನೆರವಾಗುತ್ತದೆ. ಸೈಬೀರಿಯಾದ ಕುರ್ಗಾನ್‌ನ ವೈದ್ಯ ಗವ್ರೀಲ್ ಇಲಿಜರೋವ್ ಇದನ್ನು 1950ರ ದಶಕದಲ್ಲಿ ರೂಪಿಸಿದರು. ಮೂಳೆಯ ಆರೋಗ್ಯಕರ ಭಾಗವನ್ನು ಕತ್ತರಿಸಿ, ಹೊರಗಿನ ಉಂಗುರಗಳ ಚೌಕಟ್ಟಿನಿಂದ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಸರಿಸಿದಾಗ ಆ ತೆರಪಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ ಅವರ ಹಳೆಯ ಕಾಲು ಮುರಿತವು 1980ರಲ್ಲಿ ಕುರ್ಗಾನ್‌ನಲ್ಲಿ ವಾಸಿಯಾದ ಮೇಲೆ ಈ ವಿಧಾನವು ಪಶ್ಚಿಮ ಯೂರೋಪಿನಲ್ಲಿ ಹರಡಿತು.

ಚಿಕಿತ್ಸೆಯ ನಂತರ

ಚೌಕಟ್ಟನ್ನು ಅನೇಕ ತಿಂಗಳು ಧರಿಸಬೇಕಾಗುತ್ತದೆ. ತಂತಿಗಳ ಸುತ್ತ ಸ್ವಚ್ಛತೆ, ಕೀಲುಗಳ ವ್ಯಾಯಾಮ ಹಾಗೂ ಧೂಮಪಾನ ವರ್ಜನ ಅಗತ್ಯ. ನೋವು ಕಡಿಮೆಯಾಯಿತೆಂದು ಮರುತಪಾಸಣೆಯನ್ನು ನಿಲ್ಲಿಸಬಾರದು. ಮೂಳೆ ಬೆಸೆಯದಿದ್ದರೆ ಒಳಗಿನ ಪಟ್ಟಿ ಅಥವಾ ಸರಳು ಕಾಲಕ್ರಮದಲ್ಲಿ ದಣಿದು ಮುರಿಯುತ್ತದೆ. ಶಿವಮೊಗ್ಗ, ಭದ್ರಾವತಿ ಮತ್ತು ನವುಲೆ ಪರಿಸರದವರಿಗೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಜಿಲ್ಲಾ ಆಸ್ಪತ್ರೆಯು ಸಮೀಪದ ದೊಡ್ಡ ಸರ್ಕಾರಿ ಆಸ್ಪತ್ರೆಯಾಗಿದೆ.