ಗೋವೆಯ ವೈನ್ ಮತ್ತು ಮಾಜಾಳಿ ಗಡಿ

ಕಾರವಾರ, ಅಂಕೋಲೆಗಳ ವರ್ತಕ ಮಿತ್ರರು ಒಟ್ಟುಗೂಡಿದಾಗ ಗೋವಾ ಪ್ರವಾಸದ ಸವಿನೆನಪುಗಳೊಂದಿಗೆ ಅಲ್ಲಿಯ ಪೋರ್ಟ್ ವೈನಿನ ರುಚಿಯೂ ಮಾತಿಗೆ ಬರುವುದು ಸಹಜ. ಜಿಎಸ್‌ಟಿ ಬಂದ ಮೇಲೆ ದೇಶವೆಲ್ಲ ಒಂದೇ ಮಾರುಕಟ್ಟೆಯಾದ್ದರಿಂದ, ಬಿಲ್ಲಿದ್ದರೆ ಬಾಟಲಿ ತರಲು ಅಡ್ಡಿಯಿಲ್ಲವೆಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ.

2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿಎಸ್‌ಟಿಯು ಮಾನವ ಸೇವನೆಯ ಮದ್ಯಕ್ಕೆ ಅನ್ವಯಿಸದು. ಸಂವಿಧಾನದ 366(12ಎ) ವಿಧಿಯೇ ಅದನ್ನು ಹೊರಗಿರಿಸಿದೆ. ವೈನ್ ಸಹ ಮದ್ಯವೇ. ಅದರ ಮೇಲಿನ ಅಬಕಾರಿ ಸುಂಕವನ್ನು ಆಯಾ ರಾಜ್ಯವೇ ವಿಧಿಸುತ್ತದೆ. ಗೋವೆಯಲ್ಲಿ ಸುಂಕ ಕಡಿಮೆ, ಆದ್ದರಿಂದ ಬೆಲೆಯೂ ಅಗ್ಗ. ಆದರೆ ಅಲ್ಲಿ ತೆತ್ತ ಸುಂಕ ಗೋವಾ ಸರ್ಕಾರಕ್ಕೆ ಸಲ್ಲುತ್ತದೆಯೇ ಹೊರತು ಕರ್ನಾಟಕಕ್ಕಲ್ಲ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಹೊರರಾಜ್ಯದ ಮದ್ಯವನ್ನು ಒಳತರಲು ಅನುಮತಿಯೂ ಸುಂಕ ಪಾವತಿಯೂ ಅಗತ್ಯ. ಅಂಗಡಿಯ ಬಿಲ್ಲು ಖರೀದಿಗೆ ಪುರಾವೆ ಮಾತ್ರ, ಪರವಾನಗಿಯಲ್ಲ.

ಗಿರಾಕಿಗಳಿಗೆ ಉಡುಗೊರೆಯೆಂದು ಸರಕಿನ ವಾಹನದಲ್ಲಿ ಕೆಲವು ಬಾಟಲಿಗಳನ್ನಿರಿಸಿದರೆ, ಮಾಜಾಳಿಯ ಅಬಕಾರಿ ತಪಾಸಣೆಯಲ್ಲಿ ಮದ್ಯದೊಡನೆ ವಾಹನವೂ ಜಪ್ತಿಯಾಗಬಹುದು; ಉಳಿದ ಸರಕೂ ಸಕಾಲಕ್ಕೆ ತಲುಪದು. ಉಳಿತಾಯವಾಗುವ ಕೆಲವು ನೂರು ರೂಪಾಯಿಗಳಿಗೆ ಹೋಲಿಸಿದರೆ ಈ ನಷ್ಟ ಬಹು ದೊಡ್ಡದು.

ಆದುದರಿಂದ ಉಡುಗೊರೆಯ ವೈನನ್ನು ಸ್ಥಳೀಯ ಪರವಾನಗಿದಾರರಿಂದಲೇ ಖರೀದಿಸುವುದು, ಗೋವೆಗೆ ಹೋಗುವ ಚಾಲಕರಿಗೂ ಈ ವಿಷಯವನ್ನು ಮುಂಚಿತವಾಗಿ ತಿಳಿಸುವುದು ಸೂಕ್ತ.