ಆರ್‌ಎಕ್ಸ್ ಹಿಂದೆ ಓಡೋ ಮೊದಲು ಅಟ್ಟದ ಕೆಳಗಿರೋ ಸಮುರಾಯ್ ನೋಡಿ

ತಿಪಟೂರು: ಹಳೇ ಬೈಕ್ ತಂದು, ಪೂರ್ತಿ ಬಿಚ್ಚಿ, ಹೊಸ ರೂಪ ಕೊಟ್ಟು ಓಡಿಸೋ ಖಯಾಲಿ ಈಗ ನಮ್ಮ ಕಡೆ ಹುಡುಗರಿಗೂ ಹತ್ತಿದೆ. ಯಾರನ್ನು ಕೇಳಿದರೂ ಒಂದೇ ಹೆಸರು, ಯಮಹಾ ಆರ್‌ಎಕ್ಸ್100. 1985ರಲ್ಲಿ ಬಂದು 1996ರಲ್ಲಿ ನಿಂತುಹೋದ 98 ಸಿಸಿ ಗಾಡಿ ಅದು. ಇವತ್ತು ಅದಕ್ಕೆ ಲಕ್ಷ ರೂಪಾಯಿ ಹೇಳುವವರೂ ಇದ್ದಾರೆ. ವರ್ಷಗಟ್ಟಲೆ ಅಟ್ಟದಲ್ಲಿ ಕಾಯಿ ಇಟ್ಟು, ಉಂಡೆ ಕೊಬ್ಬರಿ ಮಾಡಿ ಮಾರಿದ ದುಡ್ಡನ್ನ ಗಾಡಿ ಕೊಳ್ಳೋಕೇ ಸುರಿದರೆ ಕೆಲಸ ಮಾಡಿಸೋಕೆ ಉಳಿಯೋದೇನು?

ಅದೇ ಅಟ್ಟದ ಕೆಳಗೆ, ಗೊಬ್ಬರದ ಚೀಲದ ಪಕ್ಕ, ಅಪ್ಪನೋ ತಾತನೋ ಓಡಿಸಿ ಬಿಟ್ಟ ಸುಜುಕಿ ಸಮುರಾಯ್, ಮ್ಯಾಕ್ಸ್ 100, ಕವಾಸಾಕಿ ಬಜಾಜ್ ಕೆಬಿ100 ಥರದ ಗಾಡಿ ಧೂಳು ಹೊದ್ದು ನಿಂತಿರುತ್ತೆ. ಅದನ್ನ ಕೇಳೋರಿಲ್ಲ. ಆದರೆ ಅದೂ ಜಪಾನ್ ಗಾಡಿಯೇ. ಎಂಬತ್ತರ ದಶಕದಲ್ಲಿ ಜಪಾನ್ ಕಂಪನಿಗಳು ಇಲ್ಲಿನವರ ಜೊತೆ ಕೈಜೋಡಿಸಿದವು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ ಎಎಕ್ಸ್100 ಬಂತು, 1985ರಲ್ಲಿ ಹೀರೋ ಹೋಂಡಾ ಸಿಡಿ100, ಅದರ ಬೆನ್ನಿಗೇ ಕೆಬಿ100. ಸಮುರಾಯ್, ಮ್ಯಾಕ್ಸ್ ಎರಡೂ ಎಎಕ್ಸ್100 ವಂಶದವೇ. ಹಾಲಿನ ಕ್ಯಾನು, ಕಾಯಿ ಚೀಲ ಹೊತ್ತು ಹೊತ್ತು ಮ್ಯಾಕ್ಸ್‌ಗೆ 'ಕೂಲಿ ಗಾಡಿ' ಅನ್ನೋ ಹಣೆಪಟ್ಟಿ ಬಿತ್ತು. ಅದಕ್ಕೇ ರೇಟು ಏರಲಿಲ್ಲ.

ಯಾರಿಗೂ ಬೇಡವಾದ ಗಾಡಿಗೆ ಕಾಲ ಬರೋದು ಹೊಸದೇನಲ್ಲ. 1983ರಲ್ಲಿ ಬಂದ ಎರಡು ಸಿಲಿಂಡರಿನ ರಾಜ್‌ದೂತ್ 350 ಕಥೆ ನೋಡಿ. ಮೈಲೇಜ್ ಇಲ್ಲ, ಪೆಟ್ರೋಲ್ ಕುಡಿಯುತ್ತೆ ಅಂತ ಜನ ದೂರ ಇಟ್ಟರು. ಈಗ ಅದೇ ಗಾಡಿಗೆ ಲಕ್ಷಗಟ್ಟಲೆ ಬೆಲೆ. ಬ್ರಿಟನ್‌ನಲ್ಲಿ ಹೋಂಡಾ ಸಿಎಕ್ಸ್500 ಅನ್ನು 'ಪ್ಲಾಸ್ಟಿಕ್ ಹುಳ' ಅಂತ ಆಡಿಕೊಳ್ಳುತ್ತಿದ್ದರು, ಕೊರಿಯರ್ ಹುಡುಗರು ಮಾತ್ರ ಬಡಿದು ಓಡಿಸುತ್ತಿದ್ದರು. ಆಮೇಲೆ ಕೆಫೆ ರೇಸರ್ ಮಾಡೋರು ಮೊದಲು ಹುಡುಕಿದ ಗಾಡಿಗಳಲ್ಲಿ ಅದೂ ಒಂದು. ಹಾಗಂತ ನಿಮ್ಮ ಮ್ಯಾಕ್ಸ್ ನಾಳೆ ಲಕ್ಷಕ್ಕೆ ಹೋಗುತ್ತೆ ಅಂತ ನಾವು ಹೇಳ್ತಿಲ್ಲ. ಲಾಭ ಬೇರೆ ಕಡೆ ಇದೆ: ಕಮ್ಮಿ ದುಡ್ಡಿಗೆ ಸಿಕ್ಕ ಗಾಡಿ ಮೇಲೆ ಕೈ ಪಳಗಿಸಬಹುದು, ಉಳಿದ ದುಡ್ಡು ಎಂಜಿನ್ನಿಗೆ ಹಾಕಬಹುದು.

ನೋಡೋಕೆ ಹೋದಾಗ ಪೇಂಟ್, ಸೀಟ್ ಕಡೆ ಕಣ್ಣು ಹಾಕಬೇಡಿ. ಅವು ಹೇಗೂ ಬದಲಾಗೋವೇ. ಮೊದಲು ಕೈಯಲ್ಲೇ ಕಿಕ್ ಒತ್ತಿ ನೋಡಿ. ಎದುರು ಬಲವೇ ಕೊಡದೆ ಸಲೀಸಾಗಿ ಇಳಿದರೆ ಪಿಸ್ಟನ್, ರಿಂಗ್ ಸವೆದಿವೆ. ಅದು ದೊಡ್ಡ ರೋಗವಲ್ಲ, ಲೇತ್‌ನಲ್ಲಿ ಬೋರ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಬಹುದು. ಆದರೆ ಈಗಾಗಲೇ ಎಷ್ಟು ಸಲ ಬೋರ್ ಆಗಿದೆ ಕೇಳಿ, ಕೊನೇ ಸೈಜ್ ಮುಟ್ಟಿದ್ದರೆ ಸ್ಲೀವ್ ಖರ್ಚು ಬೇರೆ. ಸ್ಟಾರ್ಟ್ ಆಗೋ ಗಾಡಿಯಾದರೆ ಹೊಗೆ ಗಮನಿಸಿ. ಟೂ-ಸ್ಟ್ರೋಕ್ ಗಾಡಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಿಡುತ್ತಿದ್ದು, ಗೇರ್ ಆಯಿಲ್ ಕಮ್ಮಿಯಾಗ್ತಿದ್ದರೆ ಕ್ರ್ಯಾಂಕ್ ಸೀಲ್ ಹೋಗಿದೆ ಅಂತ ಲೆಕ್ಕ. ಹೆಡ್ಡು ಬಿಚ್ಚಿಸೋ ಅವಕಾಶ ಸಿಕ್ಕರೆ ಪಿಸ್ಟನ್ ಹಿಡಿದು ನೇರ ಮೇಲೆ ಕೆಳಗೆ ಅಲ್ಲಾಡಿಸಿ. ಸುಮ್ಮನೆ ಕಟಕಟ ಅಂದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಮುಗಿದಿದೆ, ಅಲ್ಲಿಗೆ ಖರ್ಚು ಜಾಸ್ತಿ. ಚಾಸಿ ಬಾಗಿದ್ದರೆ, ವೆಲ್ಡಿಂಗ್ ಗುರುತಿದ್ದರೆ ಬಿಟ್ಟುಬಿಡಿ. ನಾರಿನ ಫ್ಯಾಕ್ಟರಿ ಹತ್ತಿರ ಓಡಿದ ಗಾಡಿಯಾದರೆ ಏರ್ ಫಿಲ್ಟರ್ ಬಿಚ್ಚಿ ನೋಡೋದು ಮರೀಬೇಡಿ, ಆ ಧೂಳು ಒಳಗೆ ಹೋದರೆ ಸಿಲಿಂಡರ್ ಉಳಿಯಲ್ಲ.

ಎಂಜಿನ್‌ಗಿಂತ ಮುಖ್ಯ ಕಾಗದ. ನಿಜ ಹೇಳಬೇಕಂದ್ರೆ ನಮ್ಮ ಕಡೆ ಹೆಚ್ಚು ಜನ ಸೋಲೋದು ಇಲ್ಲೇ. ಆರ್‌ಸಿ ಇಲ್ಲದ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದು ಗುಜರಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಗೆ ತಾಳೆ ಆಗಬೇಕು. ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ಫಾರಂ 25 ಹಾಕಿ, ಗಾಡಿ ತೋರಿಸಿ ನವೀಕರಣ ಮಾಡಿಸಬೇಕು. ತೊಂಬತ್ತರ ದಶಕದ ಗಾಡಿಗೆ ಈ ಅವಧಿ ಯಾವತ್ತೋ ದಾಟಿರುತ್ತೆ. ಬಾಕಿ ಶುಲ್ಕ, ತೆರಿಗೆ ಎಷ್ಟಾಗುತ್ತೆ ಅಂತ ಕೊಳ್ಳೋ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಗಾಡಿ ಕೆಎ-44 ಆಗಿದ್ದರೆ ತಿಪಟೂರಲ್ಲೇ ಕೆಲಸ, ಕೆಎ-06 ಆದರೆ ತುಮಕೂರಿನ ದಾಖಲೆ. ಮಾರಾಟಕ್ಕೆ ಫಾರಂ 29, 30. ತಾತನ ಹೆಸರಲ್ಲೇ ಇದ್ದು ತಾತ ತೀರಿಕೊಂಡಿದ್ದರೆ ವಾರಸುದಾರರು ಮೊದಲು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅಣ್ಣತಮ್ಮಂದಿರ ತಕರಾರು ಇದ್ದರೆ ಅಲ್ಲೇ ನಿಲ್ಲಿ.

ಇನ್ನು ರೂಪ ಬದಲಿಸೋ ವಿಚಾರ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಹೇಳಿತು. ಆ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿದೆ. ಅಂದರೆ ಚಾಸಿ ಹಿಂಭಾಗ ಕತ್ತರಿಸೋದು, ಬೇರೆ ಗಾಡಿ ಎಂಜಿನ್ ಕೂರಿಸೋದು, ಊರೆಲ್ಲ ಎಬ್ಬಿಸೋ ಸೈಲೆನ್ಸರ್ ಹಾಕೋದು ಬೇಡ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ನಮೂದಿಸಿ. ಸೀಟಿನ ಹೊದಿಕೆ, ಟ್ಯಾಂಕ್ ಪಾಲಿಶ್, ಹೊಸ ವೈರಿಂಗ್, ಕ್ರೋಮ್, ಇಷ್ಟರಲ್ಲೇ ಗಾಡಿ ಚೆಂದ ಕಾಣುತ್ತೆ. ಜಾಲತಾಣದಲ್ಲಿ ನೋಡಿ ಆಸೆಪಡೋ ಅರ್ಧ ಗಾಡಿಗಳು ರಸ್ತೆಗೆ ಇಳಿಯುವಂತವಲ್ಲ.

ಸ್ಪೇರ್ ವಿಷಯಕ್ಕೆ, ಪಿಸ್ಟನ್ ಕಿಟ್, ಕ್ಲಚ್ ಪ್ಲೇಟ್, ಕೇಬಲ್ ಇಲ್ಲೇ ಅಂಗಡಿಯಲ್ಲಿ ವಿಚಾರಿಸಿ, ತಿಪಟೂರಲ್ಲಿ ಇಲ್ಲದಿದ್ದರೆ ತುಮಕೂರು. ಸೈಡ್ ಕವರ್, ಮೀಟರ್, ಬ್ಯಾಡ್ಜ್ ಥರದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಬೇಕು. ಹಳೇ ಪಾರ್ಟ್ ಕೈಯಲ್ಲೇ ತಗೊಂಡು ಹೋಗಿ, ಹೆಸರು ಹೇಳಿದರೆ ಬೇರೆಯದು ಕೊಟ್ಟು ಕಳಿಸ್ತಾರೆ. ಇನ್ನೊಂದು ದಾರಿಯೂ ಇದೆ: ಹುಳಿಯಾರು, ನೊಣವಿನಕೆರೆ ಕಡೆ ಹಳೇ ಮೆಕ್ಯಾನಿಕ್‌ಗಳ ಶೆಡ್ಡಿನ ಹಿಂದೆ ಒಂದು ಮೂಲೆ ಇದ್ದೇ ಇರುತ್ತೆ, ಅಲ್ಲಿ ಕೇಳಿ ನೋಡಿ.